ಸುದ್ದಿಯ ಮನೆ ಯಾರದು?

(ನಿರ್ಣಾದಲ್ಲಿ ನಡೆದ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಪುಸ್ತಕದಲ್ಲಿ ಐವತ್ತು ರೂಪಾಯಿ ಹೆಚ್ಚಿಗೆ ಕಂಡರೂ "ಇದು ಎಲ್ಲಿಂದ ಬಂತು?" ಅಂತ ಕೇಳದೆ ನೀವು ಸಹಿ ಹಾಕೋದಿಲ್ಲ. ಚುನಾವಣೆ ಬಂದಾಗ ಟಿ.ವಿ. ಸುದ್ದಿಗೂ ಅದೇ ಪ್ರಶ್ನೆ ಕೇಳ್ರಿ.

ಕಸ್ತೂರಿ ವಾಹಿನಿ 2007ರಲ್ಲಿ ಶುರುವಾಯಿತು. ಕಟ್ಟಿದವರು ಅನಿತಾ ಕುಮಾರಸ್ವಾಮಿ. ಆಗ ಅವರ ಯಜಮಾನರೇ ನಮ್ಮ ಮುಖ್ಯಮಂತ್ರಿ. ಉದಯ ಟಿ.ವಿ. ಚೆನ್ನೈನ ಸನ್ ಗುಂಪಿನದು. ಅದರ ಮಾಲೀಕ ಕಲಾನಿಧಿ ಮಾರನ್, ಡಿ.ಎಂ.ಕೆ. ನಾಯಕರಾಗಿದ್ದ ಕರುಣಾನಿಧಿಯವರ ಸಂಬಂಧಿ. ಸುವರ್ಣ ನ್ಯೂಸ್ 2008ರಲ್ಲಿ ಬಂದಾಗ ಅದರ ಒಡೆಯ ರಾಜೀವ್ ಚಂದ್ರಶೇಖರ್ ರಾಜ್ಯಸಭಾ ಸದಸ್ಯರು. 2021ರಲ್ಲಿ ಕೇಂದ್ರ ಮಂತ್ರಿಯಾದರು. ಇವರು ತೋರಿಸೋದೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದರೆ ಮನೆಯವರೇ ಕಣದಲ್ಲಿದ್ದಾಗ ಅಡುಗೆಯ ರುಚಿ ಹೇಳುವವರು ಯಾರು?

ಇನ್ನು ಹೊರದೇಶದ ಮಾತು. ಸುವರ್ಣದ ಧಾರಾವಾಹಿ ಚಾನೆಲ್‌ನ ದೊಡ್ಡ ಪಾಲನ್ನು ಮರ್ಡೋಕ್ ಅವರ ಸ್ಟಾರ್ ಕಂಪನಿ ಹಿಡಿಯಿತು. ಸುದ್ದಿ ಚಾನೆಲ್ ಮಾತ್ರ ಬೇರೆಯಾಗಿ ಉಳಿಯಿತು. ಧಾರಾವಾಹಿ ಚಾನೆಲ್ ಪೂರ್ತಿ ವಿದೇಶಿಯರ ಕೈಗೆ ಹೋಗಬಹುದು. ಸುದ್ದಿ ಚಾನೆಲ್‌ನಲ್ಲಿ ಅವರ ಪಾಲಿಗೆ ಮಿತಿ ಇದೆ, ಆಗ ನೂರಕ್ಕೆ 26, 2015ರಿಂದ 49.

ವಿದೇಶಿ ದೇಣಿಗೆಗೂ ಕಾಯ್ದೆ ಇದೆ. ಅಭ್ಯರ್ಥಿ, ಪಕ್ಷ, ಪತ್ರಿಕೆ ಇವರು ಯಾರೂ ಅದನ್ನು ಪಡೆಯುವ ಹಾಗಿಲ್ಲ. ನಮ್ಮಂಥ ಸೇವಾ ಸಂಸ್ಥೆ ಪಡೆಯಬೇಕಾದರೆ ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೆ ಬರಬೇಕು, ಪೈಸೆ ಪೈಸೆಗೂ ಲೆಕ್ಕ ಕೊಡಬೇಕು. ಕೊಡಲಿ, ಅದು ಸರಿಯೇ. ಆದರೆ ಪಕ್ಷಗಳ ವಿಷಯ ಕೇಳ್ರಿ. ಲಂಡನ್ನಿನ ವೇದಾಂತ ಕಂಪನಿಯ ಒಡೆತನದ ಇಲ್ಲಿನ ಕಂಪನಿಗಳಿಂದ ಕಾಂಗ್ರೆಸ್ ಮತ್ತು ಬಿಜೆಪಿ ಎರಡೂ ದೇಣಿಗೆ ಪಡೆದು ಕಾಯ್ದೆ ಮುರಿದಿವೆ ಅಂತ 2014ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆಮೇಲೆ 2016ರಲ್ಲಿ, ಮತ್ತೆ 2018ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು, ಅದೂ 1976ರಿಂದಲೇ ಅನ್ವಯಿಸುವ ಹಾಗೆ! ದಂಡ ಕಟ್ಟಬೇಕಾದ ಸದಸ್ಯೆಯೊಬ್ಬಳು ಸಂಘದ ನಿಯಮವನ್ನೇ ಹಿಂದಿನ ತಾರೀಖಿನಿಂದ ಬದಲಾಯಿಸಿದರೆ ನೀವು ಸುಮ್ಮನಿರ್ತೀರೇನು?

ಊರಿನ ಮಟ್ಟದಲ್ಲಿ ನಮ್ಮ ಕೈಯಲ್ಲಿರೋದು ಒಂದಿದೆ. ದುಡ್ಡು ಪಡೆದು ಜಾಹೀರಾತನ್ನೇ ಸುದ್ದಿಯಂತೆ ಹಾಕುವುದಕ್ಕೆ "ಕಾಸಿಗಾಗಿ ಸುದ್ದಿ" ಅಂತಾರೆ. ಒಬ್ಬನೇ ಅಭ್ಯರ್ಥಿಯ ಹೊಗಳಿಕೆ ಎರಡು ಪತ್ರಿಕೆಯಲ್ಲಿ ಅಕ್ಷರ ಬಿಡದೆ ಒಂದೇ ಥರ ಬಂದರೆ ಅನುಮಾನ ಪಡ್ರಿ. ಚುನಾವಣೆ ವೇಳೆ ಇದನ್ನು ನೋಡಲಿಕ್ಕೆ ಜಿಲ್ಲಾ ಮಟ್ಟದಲ್ಲಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ. ಬೀದರಿನ ಜಿಲ್ಲಾಧಿಕಾರಿಗಳಿಗೆ ಪತ್ರಿಕೆಯ ತುಣುಕು ಅಂಟಿಸಿ ಅರ್ಜಿ ಕೊಡಬಹುದು. ಮುಂದಿನ ವಾರದ ಸಭೆಗೆ ಪ್ರತಿ ಸಂಘದಿಂದ ಎರಡು ಪತ್ರಿಕೆ ತರ್ರಿ. ಓದಲು ಬರುವವರು ಜೋರಾಗಿ ಓದಲಿ, ಉಳಿದವರು ಕೇಳಿ ಹೇಳಲಿ.