ಹೆಸರಿಲ್ಲದ ದುಂಬಿಗೆ ಹೆಸರು ಬರುವ ಬಗೆ



ಮಾವಿನ ತೋಪಿನಲ್ಲಿ ಓಡಾಡಿದವರು ನಿಮ್ಮಲ್ಲಿದ್ದರೆ ಈ ದುಂಬಿಯನ್ನು ಕಂಡಿರಬಹುದು. ಬೂದು ಮೈ, ಬಲವಾದ ಕಾಲು, ಮೈಗಿಂತಲೂ ಉದ್ದವಾದ ಎರಡು ಮೀಸೆ. ಇದೇ ಮಾವಿನ ಕಾಂಡಕೊರಕ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರನ್ನು ಗೋಳುಹೊಯ್ದುಕೊಳ್ಳುವ ಕಾಫಿಯ ಬಿಳಿ ಕಾಂಡಕೊರಕವೂ ಇದರ ಬಂಧುವೇ, ಅದರ ಮೀಸೆ ಮಾತ್ರ ಗಿಡ್ಡ. ಎರಡೂ ಉದ್ದಮೀಸೆ ದುಂಬಿಗಳ ಕುಟುಂಬಕ್ಕೆ ಸೇರಿದವು. ವಿಜ್ಞಾನಿಗಳು ಇದನ್ನು ಸೆರಾಂಬಿಸಿಡೆ ಎನ್ನುತ್ತಾರೆ. ಜಗತ್ತಿನಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈವರೆಗೆ ಹೆಸರಿಡಲಾಗಿದೆ. ಹೆಸರಿಡಬೇಕಾದವು ಇನ್ನೂ ಇವೆ. ಉಷ್ಣವಲಯದ ದ್ವೀಪಗಳಿಂದ ಇಂದಿಗೂ ಹೊಸ ಪ್ರಭೇದಗಳು ವರದಿಯಾಗುತ್ತಲೇ ಇವೆ.

"ದ್ವೀಪವೊಂದರಲ್ಲಿ ಹೊಸ ದುಂಬಿ ಪತ್ತೆ" ಎಂಬ ಸುದ್ದಿಯನ್ನು ನಾವು ಓದುತ್ತೇವೆ, ಮರೆಯುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಿಕೊಂಡಿದ್ದೀರಾ? ಅದು ಹೊಸದು ಎಂದು ಹೇಳಿದವರಿಗೆ ಗೊತ್ತಾದದ್ದು ಹೇಗೆ? ನಮಗೆ ಹೊಸದಾದದ್ದೆಲ್ಲ ಲೋಕಕ್ಕೂ ಹೊಸದಾಗಿರಬೇಕೆಂದೇನೂ ಇಲ್ಲವಲ್ಲ!

ನಾನು ವಿಜ್ಞಾನಿಯಲ್ಲ. ವಿಜ್ಞಾನದ ಪದವಿ ಪಡೆದು ದೂರದರ್ಶನಕ್ಕೆ ಬಂದ ಕಾರ್ಯಕ್ರಮ ನಿರ್ಮಾಪಕ. ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರಕ್ಕೆಂದು ಕೀಟಗಳ ಪೆಟ್ಟಿಗೆಯೊಂದನ್ನು ಮಾಡಬೇಕಿತ್ತು. ಉದ್ದಮೀಸೆಯ ದುಂಬಿಯೊಂದು ನನಗೂ ಸಿಕ್ಕಿತ್ತು. ನೀಟಾಗಿ ಸೂಜಿ ಚುಚ್ಚಿ ಪೆಟ್ಟಿಗೆಯ ನಡುಮಧ್ಯೆ ಇಟ್ಟಿದ್ದೆ. ನಮ್ಮ ಮೇಷ್ಟ್ರು ನೋಡಿ, "ಎಲ್ಲಿ ಸಿಕ್ಕಿತು? ಯಾವತ್ತು? ಯಾವ ಮರದ ಮೇಲೆ?" ಎಂದರು. ನನಗೆ ನೆನಪಿರಲಿಲ್ಲ. "ಹಾಗಾದರೆ ಇದು ಬರೀ ಅಲಂಕಾರ ಕಣಯ್ಯಾ" ಎಂದು ಪೆಟ್ಟಿಗೆ ಮುಚ್ಚಿ ಕೊಟ್ಟರು. ಆಗ ಸಿಟ್ಟು ಬಂದಿತ್ತು. ಮುಂದೆ ಈ ಕೆಲಸಕ್ಕೆ ಸೇರಿದ ಮೇಲೆ, ಚೀಟಿ ಇಲ್ಲದ ಕ್ಯಾಸೆಟ್ಟೊಂದನ್ನು ಹಿಡಿದುಕೊಂಡು ಇದು ಯಾವ ಊರಿನ ಚಿತ್ರೀಕರಣ, ಯಾವ ವರ್ಷದ್ದು ಎಂದು ಇಡೀ ದಿನ ಹುಡುಕಿದಾಗ ಮೇಷ್ಟ್ರ ಮಾತು ಅರ್ಥವಾಯಿತು.

ಚೀಟಿಯ ಬೆಲೆ ಏನೆಂದು ತಿಳಿಯಲು ಬೋರ್ನಿಯೋ ದ್ವೀಪಕ್ಕೆ ಹೋಗೋಣ. ಇಸವಿ 1855. ಈಗ ಮಲೇಷ್ಯಾಕ್ಕೆ ಸೇರಿದ ಸರವಾಕ್ ಪ್ರಾಂತದ ಸಿಮುಂಜನ್ ಎಂಬಲ್ಲಿ ಕಲ್ಲಿದ್ದಲ ಗಣಿಗಾಗಿ ಕಾಡು ಕಡಿಯುತ್ತಿದ್ದರು. ಅಲ್ಲಿಗೆ ಮಾರ್ಚ್ ತಿಂಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಬ್ರಿಟಿಷ್ ನಿಸರ್ಗತಜ್ಞ ಬಂದರು. ವಯಸ್ಸು 32. ಹದಿನಾಲ್ಕರ ಹೊತ್ತಿಗೇ ಶಾಲೆ ಬಿಟ್ಟವರು. ಕೀಟ, ಪಕ್ಷಿಗಳನ್ನು ಸಂಗ್ರಹಿಸಿ ಮಾರುವುದೇ ಅವರ ಜೀವನೋಪಾಯ.

ಉದ್ದಮೀಸೆ ದುಂಬಿಗಳ ಮರಿಹುಳುಗಳು ಮರದೊಳಗೆ ಕೊರೆದು ಬೆಳೆಯುತ್ತವೆ. ಅನೇಕ ಪ್ರಭೇದಗಳ ಹೆಣ್ಣು ದುಂಬಿಗಳು ಮೊಟ್ಟೆಯಿಡಲು ಆಗತಾನೇ ಬಿದ್ದ ಮರಗಳನ್ನು ಹುಡುಕಿಕೊಂಡು ಬರುತ್ತವೆ. ಸಿಮುಂಜನ್ನಿನಲ್ಲಿ ಎತ್ತ ನೋಡಿದರೂ ಬಿದ್ದ ಮರ, ತೊಗಟೆ, ಗರಗಸದ ಹೊಟ್ಟು. ಮರ ಕಡಿಯುತ್ತಿದ್ದ ಚೀನೀ ಮತ್ತು ಡಯಾಕ್ ಕೆಲಸಗಾರರಿಗೆ ವಾಲೇಸ್ ಕೀಟವೊಂದಕ್ಕೆ ಒಂದು ಸೆಂಟ್‌ನಂತೆ ಕೊಡುತ್ತಿದ್ದರು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಅವರಿಗೆ ಸಿಕ್ಕಿದ್ದು 320 ಬಗೆಯ ದುಂಬಿಗಳು. ಇಲ್ಲಿ ಎರಡು ವಾರ ತುಂಬುವ ಮೊದಲೇ ಆ ಸಂಖ್ಯೆ ಇಮ್ಮಡಿಯಾಯಿತು. ಒಂದು ದಿನವಂತೂ 76 ಬಗೆ, ಅದರಲ್ಲಿ 34 ಅವರು ಅಲ್ಲಿಯವರೆಗೆ ಕಾಣದವು. ಬೋರ್ನಿಯೋದಲ್ಲಿ ಅವರು ಕಲೆಹಾಕಿದ ಸುಮಾರು 2,000 ಬಗೆಯ ದುಂಬಿಗಳಲ್ಲಿ ನೂರರಷ್ಟನ್ನು ಬಿಟ್ಟರೆ ಉಳಿದವೆಲ್ಲ ಇಲ್ಲಿನ ಒಂದು ಚದರ ಮೈಲಿಗಿಂತ ತುಸುವೇ ಹೆಚ್ಚಿನ ಜಾಗದಲ್ಲಿ ಸಿಕ್ಕವು. ಸುಮಾರು 300 ಬಗೆ ಉದ್ದಮೀಸೆಯವೇ ಇದ್ದವು.

ಗಮನಿಸಿ. "ಅವರು ಕಾಣದವು" ಎಂದೆನೇ ಹೊರತು "ಲೋಕ ಕಾಣದವು" ಎನ್ನಲಿಲ್ಲ. ಈ ಎರಡರ ನಡುವಿನ ದಾರಿ ದೊಡ್ಡದು. ವಾಲೇಸ್ ತಾವು ಹಿಡಿದ ಕೀಟಕ್ಕೆ ಸಿಕ್ಕಿದ ಸ್ಥಳ ಸೂಚಿಸುವ ಪುಟ್ಟ ದುಂಡನೆಯ ಚೀಟಿ ಹಚ್ಚುತ್ತಿದ್ದರು. ಅವರ ದುಂಬಿಗಳು ಹಡಗಿನಲ್ಲಿ ಲಂಡನ್ ತಲುಪಿದವು. ಅಲ್ಲಿ ಫ್ರಾನ್ಸಿಸ್ ಪಾಸ್ಕೋ ಎಂಬ ಕೀಟತಜ್ಞರು ಅವುಗಳನ್ನು ಒಂದೊಂದಾಗಿ ಹಿಡಿದು, ಹಿಂದಿನವರು ಬರೆದಿಟ್ಟ ವಿವರಣೆಗಳ ಜತೆ ಹೋಲಿಸಿ, 1864ರಿಂದ 1869ರವರೆಗೆ ಕಂತುಕಂತಾಗಿ ಪ್ರಕಟಿಸಿದರು. ಹಿಡಿದ ದಿನದಿಂದ ಹೆಸರು ಬರುವ ದಿನದವರೆಗೆ ಹತ್ತು ವರ್ಷ ದಾಟಿದ್ದೂ ಉಂಟು. ಆ ಮೇಲೆಯೇ ವಾಲೇಸ್ ತಮ್ಮ ಪುಸ್ತಕದಲ್ಲಿ, ಬೋರ್ನಿಯೋದ ಆ 300ರಲ್ಲಿ ಹತ್ತಕ್ಕೆ ಒಂಬತ್ತು ಪಾಲು ವಿಜ್ಞಾನಕ್ಕೇ ಹೊಸವು ಎಂದು ಬರೆದದ್ದು.

ಹೋಲಿಸುವ ಈ ಕೆಲಸ ಏಕೆ ಅಷ್ಟು ಕಷ್ಟ? ಉದ್ದಮೀಸೆ ದುಂಬಿಗಳು ಕಣ್ಣಿಗೆ ಸುಲಭವಾಗಿ ಮೋಸ ಮಾಡುತ್ತವೆ. ಎಷ್ಟೋ ಪ್ರಭೇದಗಳಲ್ಲಿ ಬೆನ್ನ ಮೇಲಿನ ಚಿತ್ತಾರ ಮೂಡಿರುವುದು ನುಣುಪಾದ ರೋಮಗಳಿಂದ. ಅವು ಉದುರಿದರೆ ಅದೇ ದುಂಬಿ ಬೇರೆಯದೇ ಆಗಿ ಕಾಣುತ್ತದೆ. ಮರಿಹುಳುವಿಗೆ ಒಳ್ಳೆಯ ಆಹಾರ ಸಿಕ್ಕಿದ್ದರೆ ದುಂಬಿ ದೊಡ್ಡದು, ಇಲ್ಲದಿದ್ದರೆ ಚಿಕ್ಕದು. ಗಂಡಿನ ಮೀಸೆ ಸಾಮಾನ್ಯವಾಗಿ ಹೆಣ್ಣಿನದಕ್ಕಿಂತ ಉದ್ದ. ಹೀಗಾಗಿ ಒಂದೇ ಪ್ರಭೇದದ ಗಂಡು, ಹೆಣ್ಣುಗಳಿಗೆ ಎರಡು ಹೆಸರಿಟ್ಟ ಪ್ರಸಂಗಗಳೂ ಇವೆ. ಅಂಥ ತಪ್ಪು ಗೊತ್ತಾದಾಗ, ಮೊದಲು ಪ್ರಕಟವಾದ ಹೆಸರೇ ಸಾಮಾನ್ಯವಾಗಿ ಉಳಿಯುತ್ತದೆ. ಈ ಲೆಕ್ಕ ಶುರುವಾಗುವುದು ಲಿನೇಯಸ್ ತಮ್ಮ ಗ್ರಂಥದ ಹತ್ತನೆಯ ಆವೃತ್ತಿಯನ್ನು ತಂದ 1758ರಿಂದ.

ಆದ್ದರಿಂದ ಇಂದಿನ ತಜ್ಞರು ಬಣ್ಣಕ್ಕಿಂತ ರಚನೆಯನ್ನು ಹೆಚ್ಚು ನಂಬುತ್ತಾರೆ. ಮೀಸೆಯ ಗೆಣ್ಣುಗಳು ಸಾಮಾನ್ಯವಾಗಿ ಹನ್ನೊಂದು. ಅವುಗಳಲ್ಲಿ ಯಾವುದು ಎಷ್ಟು ಉದ್ದ? ಮೀಸೆಯ ಬುಡವನ್ನು ಸುತ್ತಿಕೊಂಡಂತಿರುವ ಕಣ್ಣಿನ ಆಕಾರ ಎಂಥದು? ಪಾದವನ್ನು ನೋಡಿದರೆ ನಾಲ್ಕೇ ಗೆಣ್ಣು ಕಾಣುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬಚ್ಚಿಟ್ಟುಕೊಂಡ ಐದನೆಯದೊಂದು ಪುಟ್ಟ ಗೆಣ್ಣು ಸಿಗುತ್ತದೆ! ಒಣಗಿದ ದುಂಬಿಯನ್ನು ಮೆದುವಾಗಿಸಿ ಜನನಾಂಗಗಳ ಆಕಾರವನ್ನೂ ನೋಡುತ್ತಾರೆ. ಸಾಧ್ಯವಾದರೆ ಡಿ.ಎನ್.ಎ. ಪರೀಕ್ಷೆಯನ್ನೂ ಮಾಡುತ್ತಾರೆ.

ಇಷ್ಟಾದ ಮೇಲೆ ಒಂದು ದುಂಬಿಯನ್ನು ಆರಿಸಿ ಇದೇ ಈ ಹೆಸರಿಗೆ ಸಾಕ್ಷಿ ಎಂದು ಸಾರಬೇಕು. ಇದನ್ನು ಹೋಲೋಟೈಪ್ ಎನ್ನುತ್ತಾರೆ. ಹೆಸರು, ವಿವರಣೆ, ಈ ಸಾಕ್ಷಿ ಯಾವ ಸಂಗ್ರಹಾಲಯದಲ್ಲಿದೆ ಎಂಬ ಮಾಹಿತಿ ಇವೆಲ್ಲವೂ ಪ್ರಕಟವಾಗಬೇಕು. ನೂರು ವರ್ಷಗಳ ನಂತರ ಯಾರಿಗಾದರೂ ಸಂದೇಹ ಬಂದರೆ ಆ ಪೆಟ್ಟಿಗೆ ತೆರೆಸಿ ನೋಡಬಹುದು. ಪಾಸ್ಕೋ ಅವರ ಸಂಗ್ರಹದ ದುಂಬಿಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಇಂದಿಗೂ ಹೀಗೆ ನೋಡಬಹುದು. "ನನ್ನ ಮಾತನ್ನು ನಂಬಿ" ಎನ್ನುವುದು ವಿಜ್ಞಾನವಲ್ಲ. "ಬಂದು ನೀವೇ ನೋಡಿ" ಎನ್ನುವುದು ವಿಜ್ಞಾನ.

ಹಾಗಾದರೆ ಒಂದು ದುಂಬಿಗೆ ಹೆಸರಿಲ್ಲದಿದ್ದರೆ ನಷ್ಟವೇನು? ನಮ್ಮ ಕಾಫಿ ತೋಟವನ್ನೇ ನೆನೆಯಿರಿ. ತೋಟದಲ್ಲಿ ಸಿಕ್ಕಿದ ಹುಳು ಯಾವುದೆಂದು ಖಚಿತವಾದರೆ ಮಾತ್ರ ಅದು ಯಾವಾಗ ಹೊರಬರುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂದು ಹಿಂದಿನವರು ಕಲಿತದ್ದು ನಮ್ಮ ಕೈಗೆ ಸಿಗುತ್ತದೆ. ಹೆಸರು ಆ ತಿಳಿವಳಿಕೆಯ ಬೀಗದ ಕೈ. ದ್ವೀಪಗಳ ವಿಷಯದಲ್ಲಿ ಮಾತು ಇನ್ನೂ ಗಂಭೀರ. ಸುತ್ತ ಸಮುದ್ರವಿರುವುದರಿಂದ ದ್ವೀಪದ ಎಷ್ಟೋ ಪ್ರಭೇದಗಳು ಬೇರೆಲ್ಲೂ ಇರುವುದಿಲ್ಲ. ಹವಾಯಿ ದ್ವೀಪಗಳಲ್ಲಿ ಪ್ಲಾಜಿತ್ಮೈಸಸ್ ಎಂಬ ಒಂದೇ ಜಾತಿಯ ನೂರಕ್ಕೂ ಹೆಚ್ಚು ಉದ್ದಮೀಸೆ ಪ್ರಭೇದಗಳಿವೆ. ಅವು ಹೊರಗೆ ಎಲ್ಲೂ ಇಲ್ಲ. ಬಹುಪಾಲು ಪ್ರಭೇದಗಳಿಗೆ ತಮ್ಮದೇ ಆದ ಗಿಡಮರಗಳೇ ಬೇಕು. ಆ ಮರ ಹೋದರೆ ದುಂಬಿಯೂ ಹೋಯಿತು. ಹೆಸರಿಲ್ಲದೆ ಹೋದದ್ದು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಅದು ಇತ್ತೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಸಿಮುಂಜನ್ನಿನ ಕಥೆಯಲ್ಲಿ ಈ ನೋವೂ ಇದೆ. ವಾಲೇಸರಿಗೆ ಅಷ್ಟೊಂದು ದುಂಬಿ ಸಿಕ್ಕಿದ್ದು ಕಾಡು ಬೀಳುತ್ತಿದ್ದುದರಿಂದ. ಬಿದ್ದ ಮರಕ್ಕೆ ದುಂಬಿ ಬರುತ್ತದೆ, ನಿಜ. ಆದರೆ ಕಾಡೇ ಮುಗಿದರೆ ಬರುವುದಕ್ಕೆ ದುಂಬಿ ಎಲ್ಲಿಂದ ಬಂದೀತು? ವಾಲೇಸ್ ಕೂಡ ಇದನ್ನು ಅರಿತಿದ್ದರು. ಒಂದೊಂದು ಪ್ರಭೇದವೂ ಭೂಮಿಯ ಚರಿತ್ರೆಯ ಪುಸ್ತಕದಲ್ಲಿನ ಒಂದೊಂದು ಅಕ್ಷರವಿದ್ದಂತೆ, ಅಕ್ಷರಗಳು ಅಳಿಸಿಹೋದರೆ ಚರಿತ್ರೆ ಓದಲಾಗದು ಎಂಬರ್ಥದ ಮಾತನ್ನು ಅವರು 1863ರಲ್ಲೇ ಬರೆದರು.

ಮಿತ್ರರೇ, ನೀವೆಲ್ಲರೂ ಬೋರ್ನಿಯೋಗೆ ಹೋಗಬೇಕಿಲ್ಲ. ಮಳೆಗಾಲದ ರಾತ್ರಿ ಮನೆಯ ದೀಪಕ್ಕೆ ಬರುವ ದುಂಬಿಗಳನ್ನು ಹಿಡಿಯದೆಯೇ ನೋಡಿ, ಒಂದು ಚಿತ್ರ ತೆಗೆಯಿರಿ. ಆದರೆ ಅಂದೇ, ಆಗಲೇ, ಊರು, ದಿನಾಂಕ, ಪಕ್ಕದಲ್ಲಿ ಯಾವ ಮರವಿತ್ತು ಎಂಬುದನ್ನು ಬರೆದಿಡಿ. ನಾಳೆ ನೆನಪಿರುತ್ತದೆ ಎಂದುಕೊಳ್ಳಬೇಡಿ, ಇರುವುದಿಲ್ಲ. ನನ್ನ ಪೆಟ್ಟಿಗೆಯ ಆ ದುಂಬಿ ಯಾವ ಮರದ್ದೆಂದು ನನಗೆ ಇಂದಿಗೂ ಗೊತ್ತಿಲ್ಲ.