ಹೊಸ್ತಿಲು ದಾಟಿದ ವಿದ್ಯುತ್ತು
(ಆಕಾಶವಾಣಿ ಭಾಷಣ)



ಆಯುಷ್ಯವೆಲ್ಲ ಪಂಪ-ರನ್ನರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡ ಮಾಸ್ತರನೊಬ್ಬ ವಿದ್ಯುತ್ ತಂತಿಯ ವಿಷಯವಾಗಿ ಮಾತನಾಡಹೊರಟರೆ ನಿಮಗೆ ಸೋಜಿಗವೆನಿಸಬಹುದು. ನಾನು ಈ ವಿದ್ಯೆಯನ್ನು ಓದಿ ಕಲಿತವನಲ್ಲ. ತಪ್ಪು ಮಾಡಿ ಕಲಿತವನು. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದೇ ಇಲ್ಲಿಗೆ ಬಂದಿದ್ದೇನೆ.

ಇದಕ್ಕೆ ನಿಮಿತ್ತವಾದದ್ದು ಒಂದು ಫೋನು. ಮೂಡಲಗಿಯಲ್ಲಿರುವ ನನ್ನ ಅಣ್ಣನ ಮಗ ಈಚೆಗೆ ವಿದ್ಯುತ್ತಿನಿಂದ ಓಡುವ ಕಾರೊಂದನ್ನು ಕೊಂಡಿದ್ದಾನೆ. ಅದು ನಿಲ್ಲುವುದು ಅಂಗಳದ ಬೇವಿನ ಮರದ ಕೆಳಗೆ. ಪಡಸಾಲೆಯ ಕಿಟಕಿಯಿಂದ ಒಂದು ಉದ್ದ ತಂತಿಯನ್ನು ಎಳೆದು, ನೆಲದ ಮೇಲೆ ಹಾಯಿಸಿ, ರಾತ್ರಿಯೆಲ್ಲ ಕಾರಿಗೆ ವಿದ್ಯುತ್ ಕುಡಿಸುತ್ತಿರುವುದಾಗಿ ಸಂತೋಷದಿಂದ ಹೇಳಿದ. "ತಮ್ಮಾ, ಅದನ್ನ ಮೊದಲ ತಗಿ" ಎಂದೆ. "ಕಾಕಾ, ನಿಮಗ್ಯಾಕ ಇಷ್ಟ ಅಂಜಿಕಿ?" ಎಂದು ಅವನು ನಕ್ಕ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳುವುದು ನನ್ನಿಂದಾಗಲಿಲ್ಲ. ಈಗ ಹೇಳುತ್ತೇನೆ.

ನಮ್ಮ ಸೀಮೆಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದಲ್ಲಿ 1887ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ ತೆಗೆದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದು 1902ರಲ್ಲಿ. ಆದರೆ ಜಲಪಾತದ ಮಗ್ಗುಲಲ್ಲಿದ್ದ ಹಳ್ಳಿಗಳು ಮುಂದೆ ಎಷ್ಟೋ ದಶಕಗಳವರೆಗೆ ಎಣ್ಣೆಯ ದೀಪದಲ್ಲಿಯೇ ಉಳಿದವು. ಹುಕ್ಕೇರಿ ತಾಲೂಕಿನ ಭಾಗ್ಯ ತೆರೆದದ್ದು 1969ರಲ್ಲಿ. ದೇಶದಲ್ಲಿ ಪ್ರಯೋಗಕ್ಕೆಂದು ಆರಿಸಿದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಒಂದು ಅಲ್ಲಿ ಹುಟ್ಟಿತು. ರೈತರೇ ಸದಸ್ಯರಾದ ಆ ಸಂಘ ಇಂದಿಗೂ ತಾಲೂಕಿಗೆ ವಿದ್ಯುತ್ ಹಂಚುತ್ತಿದೆ. ಗೋಕಾಕ, ಮೂಡಲಗಿಗಳಿಗೆ ಹುಬ್ಬಳ್ಳಿಯ ಕಂಪನಿ ಹಂಚುತ್ತದೆ.

ನಮ್ಮ ಊರು ಹುಕ್ಕೇರಿ ತಾಲೂಕಿನದು. ನಮ್ಮ ಮನೆಗೆ ದೀಪ ಬಂದಾಗ ನಾನು ಹೈಸ್ಕೂಲಿನ ಹುಡುಗ. 1976ರ ಹೊತ್ತಿಗೆ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಆ ವರ್ಷದ ಕಬ್ಬಿನ ಸುಗ್ಗಿಗೆ ವಿಜಾಪುರದ ಕಡೆಯಿಂದ ಕಡಿಯುವವರ ಗ್ಯಾಂಗು ಬಂದು ನಮ್ಮ ಹಿತ್ತಲಾಚೆಯ ಬಯಲಿನಲ್ಲಿ ಗುಡಿಸಲು ಹಾಕಿತ್ತು. ಚಕ್ಕಡಿಯೇ ಅವರ ಮನೆ, ಚಕ್ಕಡಿಯೇ ಅವರ ಬದುಕು. ರಾತ್ರಿ ಕತ್ತಲಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಕಂಡು ನನ್ನ ತಂದೆ, "ಅವರಿಗೊಂದು ದೀಪಾ ಮಾಡಿ ಕೊಡೊ" ಎಂದರು.

ತಂತಿ ಇದ್ದದ್ದು ಒಂದೇ ಎಳೆಗೆ ಸಾಲುವಷ್ಟು. ದೀಪ ಹೊತ್ತಲು ಹೋಗುವ ತಂತಿ ಒಂದು, ಮರಳುವ ತಂತಿ ಒಂದು, ಹೀಗೆ ಎರಡು ಬೇಕು. ಆದರೆ ನಾನು ಪುಸ್ತಕದಲ್ಲಿ ಓದಿದ್ದೆ: ಭೂಮಿಯೂ ವಾಹಕ! ಮನೆಯಿಂದ ಫೇಸಿನ ತಂತಿಯೊಂದನ್ನೇ ಎಳೆದು ಬಲ್ಬಿಗೆ ಕೊಟ್ಟೆ. ಬಲ್ಬಿನ ಇನ್ನೊಂದು ತುದಿಯನ್ನು ಒಂದು ಕಬ್ಬಿಣದ ಗೂಟಕ್ಕೆ ಸುತ್ತಿ, ಗೂಟವನ್ನು ಹಸಿ ನೆಲಕ್ಕೆ ಬಡಿದೆ. ದೀಪ ಹೊತ್ತಿತು. ಗುಡಿಸಲಿನ ಮಕ್ಕಳು ಕೇಕೆ ಹಾಕಿದವು. ಅಂದು ನನಗಾದ ಹೆಮ್ಮೆ ಮುಂದೆ ಎಂ.ಎ. ಪದವಿ ಪಡೆದಾಗಲೂ ಆಗಲಿಲ್ಲ.

ನೆಲದಲ್ಲಿ ಗಟ್ಟಿಯಾದ ಗೂಟವೊಂದು ಕಂಡರೆ ಎತ್ತು ಕಟ್ಟುವವನು ಏನು ಮಾಡುತ್ತಾನೆ? ಹತ್ತು ಹನ್ನೆರಡು ದಿನಗಳ ಮೇಲೆ ಒಂದು ರಾತ್ರಿ ಅವರಲ್ಲೊಬ್ಬ ತನ್ನ ಎತ್ತಿನ ಕೊರಳ ಸರಪಳಿಯನ್ನು ಅದೇ ಗೂಟಕ್ಕೆ ಸಿಕ್ಕಿಸಿದ. ನಸುಕಿನಲ್ಲಿ ಎತ್ತು ಜಗ್ಗಿತು. ಗೂಟ ನೆಲದಿಂದ ಕಿತ್ತು ಬಂತು. ಬಲ್ಬಿನ ಮೂಲಕ ಗೂಟಕ್ಕೆ ಇಳಿದು ಭೂಮಿ ಸೇರುತ್ತಿದ್ದ ಪ್ರವಾಹಕ್ಕೆ ಈಗ ಉಳಿದ ದಾರಿ ಒಂದೇ: ಸರಪಳಿ, ಎತ್ತಿನ ಕೊರಳು, ಎದೆ, ಇಬ್ಬನಿಯಲ್ಲಿ ತೊಯ್ದ ನಾಲ್ಕು ಕಾಲು. ದೀಪ ಮಂಕಾಯಿತು, ಎತ್ತು ಬಿತ್ತು ಎಂದು ಎದ್ದಿದ್ದ ಹೆಂಗಸರು ಹೇಳಿದರು.

ನನ್ನ ತಂದೆ ಮಾತನಾಡದೆ ಕೊಟ್ಟಿಗೆಗೆ ಹೋಗಿ ನಮ್ಮ ಎತ್ತುಗಳಲ್ಲಿ ಒಂದನ್ನು ಬಿಚ್ಚಿ ತಂದು ಆ ಮನುಷ್ಯನ ಕೈಗೆ ಹಗ್ಗ ಕೊಟ್ಟರು. ಅವನು ಅಳುತ್ತಲೇ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: "ಇರಲಿ ಬಿಡ್ರಿ ಗೌಡ್ರ, ನನ್ನ ಕೂಸು ದಿನಾ ಆ ಗೂಟಾ ಹಿಡಕೊಂಡ ಆಡತಿತ್ತು. ಅದಕ್ಕ ಬರೂದು ಎತ್ತಿಗಿ ಬಂತು." ವಿಜ್ಞಾನವನ್ನು ಬಿಟ್ಟು ನಾನು ಕನ್ನಡಕ್ಕೆ ಬಂದದ್ದು ಆ ವರ್ಷವೇ.

ಮಿತ್ರರೆ, ಎತ್ತು ಬೀಳುವಾಗ ನಮ್ಮ ಮನೆಯ ಫ್ಯೂಜು ಹಾರಲಿಲ್ಲ. ಏಕೆ ಹಾರಲಿಲ್ಲ ಎಂಬುದನ್ನು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. 230 ವೋಲ್ಟಿನಲ್ಲಿ ಅರವತ್ತು ವ್ಯಾಟಿನ ಬಲ್ಬು ತೆಗೆದುಕೊಳ್ಳುವ ಪ್ರವಾಹ ಸುಮಾರು ಕಾಲು ಆಂಪಿಯರು. ಅದರ ಎಂಟೊಂಬತ್ತನೆಯ ಒಂದು ಪಾಲು, ಎಂದರೆ 30 ಮಿಲಿ ಆಂಪಿಯರು ದೇಹದಲ್ಲಿ ಹರಿದರೆ ಅಪಾಯದ ಗಡಿ ಬಂತೆಂದು ತಿಳಿಯಬೇಕು. ಫ್ಯೂಜಾದರೋ ಐದು, ಹತ್ತು, ಹದಿನಾರು ಆಂಪಿಯರಿಗೆ ಕಾಯುತ್ತ ಕುಳಿತಿರುತ್ತದೆ. ಅದು ತಂತಿಯನ್ನು ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯನನ್ನು ಕಾಯುವುದಿಲ್ಲ.

ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ. ಆರ್‌ಸಿಸಿಬಿ ಎಂದು ಅದಕ್ಕೆ ಹೆಸರು. ದನಗಾಹಿಯು ಮುಂಜಾನೆ ಎಷ್ಟು ದನ ಹೊರಟವೆಂದು ಎಣಿಸುತ್ತಾನೆ, ಸಂಜೆ ಎಷ್ಟು ಮರಳಿದವೆಂದು ಎಣಿಸುತ್ತಾನೆ. ಒಂದು ಕಡಿಮೆಯಾದರೂ ಹುಯಿಲೆಬ್ಬಿಸುತ್ತಾನೆ. ಈ ಸಾಧನವೂ ಹಾಗೆಯೇ. ಫೇಸಿನಲ್ಲಿ ಹೋದ ಪ್ರವಾಹ ನ್ಯೂಟ್ರಲ್ಲಿನಲ್ಲಿ ಮರಳಿತೆ ಎಂದು ಕ್ಷಣಕ್ಷಣವೂ ನೋಡುತ್ತದೆ. 30 ಮಿಲಿ ಆಂಪಿಯರಿನಷ್ಟು ಬೇರೆ ದಾರಿ ಹಿಡಿದರೂ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ವಿದ್ಯುತ್ತನ್ನು ಕಡಿದುಬಿಡುತ್ತದೆ. ಅಂದು ನಮ್ಮ ಮನೆಯಲ್ಲಿ ಅದು ಇದ್ದಿದ್ದರೆ ನನ್ನ ಜಾಣತನದ ಬಲ್ಬು ಹೊತ್ತುತ್ತಲೇ ಇರಲಿಲ್ಲ.

ಇನ್ನು ಕಾರಿನ ಮಾತಿಗೆ ಬರೋಣ. ಮನೆಯೊಳಗಿನ ವಿದ್ಯುತ್ತಿಗೂ ಹೊಸ್ತಿಲು ದಾಟಿದ ವಿದ್ಯುತ್ತಿಗೂ ಬಹಳ ಅಂತರವಿದೆ. ಒಳಗೆ ಫರಸಿ ನೆಲ, ಒಣ ಗೋಡೆ. ಹೊರಗೆ ಹಸಿ ಮಣ್ಣು, ಬರಿಗಾಲು, ಮಳೆ, ಇಲಿ, ದನದ ಗೊರಸು. ಅದರ ಮೇಲೆ, ಗಾಲಿಯ ಮೇಲೆ ನಿಂತದ್ದೆಲ್ಲ ರಬ್ಬರಿನ ಮೇಲೆ ನಿಂತಂತೆ. ಅದರ ಕಬ್ಬಿಣದ ಮೈಗೆ ಎಲ್ಲಿಯಾದರೂ ಫೇಸು ತಗುಲಿದರೆ ಅದು ಭೂಮಿಗೆ ಇಳಿಯಲಾರದು. ನೆಲದ ಮೇಲೆ ನಿಂತು ಯಾರಾದರೂ ಮುಟ್ಟುವವರೆಗೆ ಕಾಯುತ್ತಿರುತ್ತದೆ. ಅಮೆರಿಕೆಯಲ್ಲಿ ಗಾಲಿಯ ಮನೆಗಳನ್ನು ಇಟ್ಟುಕೊಂಡವರು ಅಂಗಳದಲ್ಲಿ ಅದಕ್ಕೆಂದೇ ಮೂವತ್ತು ಇಲ್ಲವೆ ಐವತ್ತು ಆಂಪಿಯರಿನ ಪ್ರತ್ಯೇಕ ಸಂಪರ್ಕ ಮಾಡಿಸುತ್ತಾರೆ. ನಮ್ಮ ಟ್ರಾಕ್ಟರಿನ ಟ್ರೇಲರಿಗೆ ಕಟ್ಟಿದ ದೀಪಕ್ಕೂ ಅಣ್ಣನ ಮಗನ ಕಾರಿಗೂ ಅನ್ವಯಿಸುವ ಧರ್ಮ ಅದೇ.

ಆ ಧರ್ಮವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೊದಲನೆಯದು, ಹೊರಗಿನ ಸಂಪರ್ಕವು ಮುಖ್ಯ ಬೋರ್ಡಿನಿಂದಲೇ ಪ್ರತ್ಯೇಕವಾಗಿ ಹೊರಡಬೇಕು. ಅದಕ್ಕೆ ತನ್ನದೇ ಎಂಸಿಬಿ, ತನ್ನದೇ ಆರ್‌ಸಿಸಿಬಿ ಇರಬೇಕು. ಇಂಥ ಕಾರು ಸಾಮಾನ್ಯ ಪ್ಲಗ್ಗಿನಿಂದ ಹದಿನೈದು ಆಂಪಿಯರಿನವರೆಗೂ ಗಂಟೆಗಟ್ಟಲೆ ಎಳೆಯಬಲ್ಲದು. ಟೇಬಲ್ ಫ್ಯಾನಿಗೆಂದು ತಂದ ಸಪುರ ತಂತಿ ಅದಕ್ಕೆ ತಾಳಲಾರದೆ ಕಾದು ಕರಗುತ್ತದೆ. ದೂರ ಹೆಚ್ಚಾದರೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ಎರಡನೆಯದು, ತಂತಿಗಳು ಮೂರೇ ಇರಬೇಕು: ಹೋಗಲು ಒಂದು, ಮರಳಲು ಒಂದು, ಆಪತ್ತಿಗೆ ಒಂದು. ಉಕ್ಕಿನ ಕವಚವಿರುವ ಕೇಬಲನ್ನು ಎರಡೂವರೆ ಅಡಿ ಆಳದಲ್ಲಿ ಉಸುಕು ಹಾಸಿ, ಮೇಲೆ ಇಟ್ಟಂಗಿ ಮುಚ್ಚಿ ಹೂಳಬೇಕು.

ಮೂರನೆಯದು, ಸಾಕೆಟ್ಟು ಮುಚ್ಚಳವಿರುವ, ಮಳೆ ಹೊಗದ ಪೆಟ್ಟಿಗೆಯಲ್ಲಿ ಎದೆಯೆತ್ತರದಲ್ಲಿರಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ-ಮಾರ್ಕಂಡೇಯ ನದಿಗಳ ನೀರು ಗೋಕಾಕದ ಓಣಿಗಳಿಗೆ ನುಗ್ಗಿದ್ದನ್ನು ಕಂಡವರು ಎದೆಯೆತ್ತರವೂ ಸಾಲದೆನ್ನುತ್ತಾರೆ. ಆದ್ದರಿಂದ ನೀರು ಬರುವ ಮುನ್ನ ಒಳಗಿನಿಂದಲೇ ಕಡಿಯಬಲ್ಲ ಸ್ವಿಚ್ಚು ಇರುವುದು ಅಗತ್ಯ.

ನಾಲ್ಕನೆಯದು ಅರ್ಥಿಂಗು. ಇದು ಊರ ಮಣ್ಣನ್ನು ನೋಡಿ ಮಾಡಬೇಕಾದ ಕೆಲಸ. ಮೂಡಲಗಿಯ ಕಡೆಯ ಎರೆಭೂಮಿ ಮಳೆಗಾಲದಲ್ಲಿ ಹಸಿ ಹಿಡಿದು ವಿದ್ಯುತ್ತನ್ನು ಸಲೀಸಾಗಿ ಒಯ್ಯುತ್ತದೆ; ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗಿನ ಕೊಳವೆಯನ್ನೇ ಕೈಬಿಡುತ್ತದೆ. ಗೋಕಾಕದ ಗುಡ್ಡದ ಕಲ್ಲುನೆಲವಂತೂ ವರ್ಷವಿಡೀ ಜಿಪುಣ. ಅರ್ಥಿಂಗಿನ ತಡೆ ಇಪ್ಪತ್ತು ಓಮ್ ಆಯಿತೆನ್ನಿ. ಫೇಸು ಕಬ್ಬಿಣಕ್ಕೆ ತಗುಲಿದರೂ ಹನ್ನೊಂದೂವರೆ ಆಂಪಿಯರಷ್ಟೇ ಹರಿಯುತ್ತದೆ, ಹದಿನಾರರ ಫ್ಯೂಜು ಕಣ್ಣನ್ನೂ ತೆರೆಯದು. ಅರ್ಥಿಂಗು ಮತ್ತು ಆರ್‌ಸಿಸಿಬಿ ಎರಡೂ ಜೊತೆಯಾಗಿ ಇರಬೇಕೆಂಬುದು ಇದಕ್ಕಾಗಿಯೇ. ಬೇಸಿಗೆಯಲ್ಲಿ ಅರ್ಥಿಂಗಿನ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಅದು ಬೀಳದಿದ್ದರೆ ಅಂದೇ ಬದಲಿಸಿ. ಇವೆಲ್ಲವನ್ನೂ ಪರವಾನಿಗೆ ಪಡೆದ ಕೆಲಸಗಾರನಿಂದಲೇ ಮಾಡಿಸಬೇಕು. ಅರ್ಧ ಓದಿದವನ ಕೈಯಿಂದ ಆದದ್ದನ್ನು ಈಗಾಗಲೇ ಕೇಳಿದ್ದೀರಿ.

ಕಳೆದ ವಾರ ಮೂಡಲಗಿಗೆ ಹೋಗಿದ್ದೆ. ಅಣ್ಣನ ಮಗ ಅಂಗಳದ ಗೋಡೆಗೆ ಪೆಟ್ಟಿಗೆ ಹಚ್ಚಿಸಿದ್ದ, ಕೇಬಲ್ಲು ನೆಲದೊಳಗಿತ್ತು. ಅವನ ಹೊಲದಂಚಿನಲ್ಲಿ ಈ ಸಲವೂ ಕಬ್ಬು ಕಡಿಯುವವರ ಗುಡಿಸಲುಗಳಿದ್ದವು. ಅವರಿಗೂ ಒಂದು ದೀಪ, ಮೊಬೈಲಿಗೊಂದು ಸಾಕೆಟ್ಟು ಬೇಕಂತೆ. "ಅವರಿಗೆ ಎರಡ ತಂತಿ ಸಾಕಲ್ಲ ಕಾಕಾ? ನಾಕ ತಿಂಗಳ ಮಾತು" ಎಂದ. ನಾನು ಅವನನ್ನು ಹತ್ತಿರ ಕೂಡ್ರಿಸಿಕೊಂಡು ಆ ಎತ್ತಿನ ಕಥೆ ಹೇಳಿದೆ. ಅವನ ಅಜ್ಜ ಕೊಟ್ಟಿಗೆಯಿಂದ ಹಗ್ಗ ಬಿಚ್ಚಿದ್ದು ಅವನಿಗೆ ಗೊತ್ತಿರಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮೂರು ಎಳೆಯ ಕೇಬಲ್ಲಿಗೆ ಹೇಳಿಕಳಿಸಿದ.

ಬಾಯಾರಿ ಬಂದವನಿಗೆ ನೀರು ಕೊಡುವಾಗ ನಾವು ತಂಬಿಗೆಯನ್ನು ತೊಳೆದು ಕೊಡುತ್ತೇವೆ. ಬೆಳಕು ಕೊಡುವಾಗಲೂ ಅಷ್ಟು ಎಚ್ಚರ ಬೇಡವೆ? ಹೊಸ್ತಿಲು ದಾಟುವ ತಂತಿಯ ಆ ತುದಿಯಲ್ಲಿ ಯಾರ ಮಗು ಆಡುತ್ತಿದೆಯೆಂದು ಈ ತುದಿಯಲ್ಲಿರುವವನಿಗೆ ಕಾಣುವುದಿಲ್ಲ. ಕಾಣದಿದ್ದರೂ ಅದರ ಹೊಣೆ ಅವನದೇ.