ಗುಳ್ಳೆಯ ಲೆಕ್ಕ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನನ್ನನ್ನು ವಿಜ್ಞಾನದ ವಿಷಯ ಮಾತನಾಡೆಂದು ಕಾರ್ಯದರ್ಶಿಗಳು ಏಕೆ ಕೇಳಿದರೋ ನಾನರಿಯೆ. ನಾನು ಒಪ್ಪಿದ್ದು ಮಾತ್ರ ನನ್ನ ಮಗಳಿಂದ. ಅವಳು ಶಾಲೆಯ ಪ್ರದರ್ಶನಕ್ಕೆಂದು ಗಾಜಿನ ಲೋಟದಲ್ಲಿ ಬಣ್ಣದ ನೀರು, ಅದರ ಮೇಲೆ ಅಡಿಗೆಯ ಎಣ್ಣೆ ಹೊಯ್ದು, ಒಂದು ಚಮಚ ಈನೋ ಉದುರಿಸಿದಳು. ಪುಡಿ ಎಣ್ಣೆಯನ್ನು ದಾಟಿ ನೀರಿಗಿಳಿದೊಡನೆ ಗುಳ್ಳೆಗಳೆದ್ದವು. ಅವು ಬಣ್ಣದ ನೀರಿನ ಹನಿಗಳನ್ನು ಹೊತ್ತು ಎಣ್ಣೆಯೊಳಕ್ಕೆ ಏರುವುವು. ಮೇಲೆ ಹೋಗಿ ಒಡೆಯುವುವು. ಹನಿಗಳು ಮರಳಿ ತಮ್ಮ ಮನೆಗೆ ಇಳಿಯುವುವು. "ಅಪ್ಪಾ, ಒಂದು ಗುಳ್ಳೆ ಎಷ್ಟು ನೀರು ಹೊರುತ್ತದೆ?" ಎಂದಳು. ದಿನವಿಡೀ ಪರರ ಹಣ ಎಣಿಸುವ ನನಗೆ ಉತ್ತರ ತಿಳಿಯಲಿಲ್ಲ.

ಇದು ಮಕ್ಕಳಾಟದ ಪ್ರಶ್ನೆಯಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕನ್ನು ಕಲಕಲು ಕೊಪ್ಪರಿಗೆಯ ತಳದಿಂದ ಆರ್ಗಾನ್ ಅನಿಲವನ್ನು ಊದುತ್ತಾರೆ. ಉಕ್ಕಿನ ಮೇಲೆ ಕಿಟ್ಟದ ಪದರ ತೇಲುತ್ತಿರುತ್ತದೆ, ನೀರಿನ ಮೇಲೆ ಎಣ್ಣೆಯಂತೆ. ಗುಳ್ಳೆಗಳು ಈ ಪದರವನ್ನು ಅತಿಯಾಗಿ ಸರಿಸಿದರೆ ಉಕ್ಕು ಬತ್ತಲೆಯಾಗಿ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಡುತ್ತದೆ. ಸುಮಾರು 1600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಕಣ್ಣು ತೂರದ ಲೋಹದೊಳಗೆ, ಇಣುಕುವವರಾರು? ಆದುದರಿಂದ ತಜ್ಞರು ಉಕ್ಕಿಗೆ ಬದಲು ನೀರು, ಕಿಟ್ಟಕ್ಕೆ ಬದಲು ಎಣ್ಣೆ ಇಟ್ಟು ನೋಡುವುದುಂಟು. ನನ್ನ ಮಗಳ ಲೋಟವೇ ಸರಿ! ಇನ್ನೊಂದು ದಾರಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು.

ಈ ಲೆಕ್ಕದ ಕ್ರಮವನ್ನು ಓದಿದಾಗ ನನಗೆ ಬಲು ಸಂತೋಷವಾಯಿತು. ಅದು ನಮ್ಮ ಲೆಡ್ಜರೇ. ಅಮೆರಿಕದ ಹರ್ಟ್ ಮತ್ತು ನಿಕೋಲ್ಸ್ ಎಂಬವರು 1981ರಲ್ಲಿ ಪ್ರಕಟಿಸಿದ ಕ್ರಮದಂತೆ ಪಾತ್ರೆಯನ್ನು ಸಣ್ಣ ಸಣ್ಣ ಮನೆಗಳಾಗಿ ಭಾಗಿಸಿ, ಪ್ರತಿ ಮನೆಯಲ್ಲೂ ದ್ರವ ಎಷ್ಟು ಪಾಲು ಇದೆಯೆಂದು ಬರೆದಿಡುತ್ತಾರೆ. ತುಂಬಿದ್ದರೆ 1, ಬರಿದಾಗಿದ್ದರೆ 0. ನಡುವಿನ ಸಂಖ್ಯೆ ಬಂದಲ್ಲಿ ಗಡಿ. ನೀರು, ಎಣ್ಣೆ, ಅನಿಲ ಮೂರೂ ಇದ್ದರೆ ಮೂರು ಕಲಮು. ಮೂರರ ಮೊತ್ತ 1 ಆಗಲೇಬೇಕು. ಕ್ಷಣಕ್ಷಣಕ್ಕೂ ತೇಲುವ ಬಲ, ಸ್ನಿಗ್ಧತೆ, ಮೇಲ್ಮೈ ಸೆಳೆತಗಳನ್ನು ಗಣಿಸಿ, ಒಂದು ಮನೆಯಿಂದ ಹೊರಟದ್ದನ್ನು ಪಕ್ಕದ ಮನೆಗೆ ಜಮಾ ಮಾಡುತ್ತ ಹೋಗಬೇಕು. ಒಂದು ಕಡೆ ಖರ್ಚಾಗದೆ ಇನ್ನೊಂದು ಕಡೆ ಜಮೆಯಿಲ್ಲ.

ಒಂದು ಘನ ಸೆಂಟಿಮೀಟರನ್ನು 0.1 ಮಿಲಿಮೀಟರಿನ ಮನೆಗಳಾಗಿ ಸೀಳಿದರೆ 10 ಲಕ್ಷ ಮನೆ. ಆ ಅಳತೆಯನ್ನು ಅರ್ಧ ಮಾಡಿದರೆ 80 ಲಕ್ಷ. ಅದಕ್ಕೇ ಗಡಿಯ ಬಳಿ ಮಾತ್ರ ಮನೆಗಳನ್ನು ಕಿರಿದು ಮಾಡುವ ಜಾಣ್ಮೆ ಬಂದಿದೆ. ನಾವಿರುವ ಈ ಹೈದರಾಬಾದಿನಲ್ಲೇ ಮನೋಜ್ ತ್ರಿಪಾಠಿ, ಕೀರ್ತಿ ಸಾಹು, ರಮಾ ಗೋವಿಂದರಾಜನ್ ಅವರು ಒಂದೇ ದ್ರವದಲ್ಲಿ ಏರುವ ಗುಳ್ಳೆಯನ್ನು ಹೀಗೆ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ನೆಟ್ಟಗೆ ಏರುವ ಗುಳ್ಳೆ, ಲಂಗ ತೊಟ್ಟ ಗುಳ್ಳೆ, ಅಂಕುಡೊಂಕಾಗಿ ಸುತ್ತುವ ಗುಳ್ಳೆ, ಒಡೆದುಹೋಗುವ ಗುಳ್ಳೆ ಎಲ್ಲವೂ ಅದರಲ್ಲಿವೆ.

ಎರಡು ದ್ರವಗಳಾದರೆ ತೊಡಕು ಹೆಚ್ಚು. ನೀರಿನಿಂದ ಎಣ್ಣೆಗೆ ದಾಟುವ ಗುಳ್ಳೆಯ ತಲೆಯ ಮೇಲೆ ನೀರಿನ ಪೊರೆ, ಬಾಲದಲ್ಲಿ ನೀರಿನ ಕಂಬ. ಪೊರೆ ಸೋರಿ ಸೋರಿ ತೆಳುವಾಗಿ ಹರಿಯುತ್ತದೆ. ಹರಿಯುವ ಮುನ್ನ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳುವಾಗಬಹುದು. ಕಂಪ್ಯೂಟರಿನ ಮನೆಯೋ ಅದರ ನೂರುಪಟ್ಟು! ಪೊರೆ ಮನೆಗಿಂತ ಕಿರಿದಾದೊಡನೆ ಲೆಕ್ಕದಲ್ಲಿ ಹರಿದೇಹೋಗುತ್ತದೆ. ಹರಿದದ್ದು ನೀರಲ್ಲ, ನಾವು ಎಳೆದ ಗೆರೆಗಳ ದೆಸೆಯಿಂದ ಹರಿದದ್ದು. ಚೋದ್ಯವೆಂದರೆ, ಆಗಲೂ ಮೊತ್ತ ತಪ್ಪುವುದಿಲ್ಲ.

ಇದು ನನಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ವೃದ್ಧರ ಹಣವನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮಾ ಮಾಡಿಬಿಟ್ಟೆ. ಸಂಜೆ ಲೆಕ್ಕ ಪೈಸೆಗೆ ಪೈಸೆ ಕೂಡಿತು; ಹಾಯಾಗಿ ಮನೆಗೆ ಹೋದೆ. ಮೂರನೆಯ ದಿನ ಆ ಮುದುಕರು ಔಷಧಿಗೆ ದುಡ್ಡಿಲ್ಲದೆ ಕಿಟಕಿಯ ಮುಂದೆ ನಿಂತಾಗಲೇ ತಿಳಿದದ್ದು.

ಆದುದರಿಂದ ನುರಿತವರು ಮನೆಗಳನ್ನು ಕಿರಿದು ಮಾಡಿ ಅದೇ ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಪೊರೆ ಹರಿಯುವ ಹೊತ್ತು ಬದಲಾದರೆ ಅದನ್ನು ನಂಬರು. ಪ್ರಯೋಗದೊಡನೆ ತಾಳೆಯನ್ನೂ ನೋಡುತ್ತಾರೆ.

ಮಗಳಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಹಿಂದಿನ ಮೇಜಿನ ಮೇಲೆ ಲೋಟ, ಎಣ್ಣೆ, ಈನೋ ಇರಿಸಿದ್ದೇನೆ. ಫಲಾಹಾರಕ್ಕೆ ಮೊದಲು ಮಕ್ಕಳು ಬಂದು, ಗುಳ್ಳೆ ಎಣ್ಣೆಗೆ ದಾಟುವಾಗ ಅದರ ಬಾಲವನ್ನು ನೋಡಬೇಕು. ಎಣ್ಣೆ ನಮ್ಮ ಮನೆಯದು. ಮನೆಯಾಕೆ ಇನ್ನೂ ಲೆಕ್ಕ ಕೇಳಿಲ್ಲ.